ಮದುಮಗಳ ಉಡುಪು ಮತ್ತು ಸಂಪ್ರದಾಯದ ಆಯ್ಕೆ: ಚೀನೀ ವಿವಾಹ ವಸ್ತ್ರಗಳ ಒಂದು ಅಧ್ಯಯನ

ಸಂಸ್ಕೃತ ಕಾವ್ಯಗಳ ಪರಿಚಯವುಳ್ಳವರಿಗೆ ‘ಚೀನಾಂಶುಕ’ ಎಂಬ ಪದ ಹೊಸದಲ್ಲ. ಕಾಳಿದಾಸನ ‘ಕುಮಾರಸಂಭವ’ದ ಏಳನೆಯ ಸರ್ಗದಲ್ಲಿ ಪಾರ್ವತಿಯ ಮದುವೆಗಾಗಿ ಸಿಂಗರಗೊಂಡ ಹಿಮವಂತನ ನಗರದಲ್ಲಿ ಹಾರುವ ಬಾವುಟಗಳು ಚೀನಾಂಶುಕದವು. ಕೌಟಿಲ್ಯನ ‘ಅರ್ಥಶಾಸ್ತ್ರ’ವೂ ಚೀನಪಟ್ಟವನ್ನು ಹೆಸರಿಸುತ್ತದೆ. ಚೀನಾದ ರೇಷ್ಮೆ ಹೀಗೆ ನಮ್ಮ ಕಾವ್ಯಲೋಕದ ಮದುವೆಮನೆಯನ್ನು ಬಹು ಹಿಂದೆಯೇ ಪ್ರವೇಶಿಸಿದೆ. ಆದರೆ ಆ ರೇಷ್ಮೆಯನ್ನು ನೇಯ್ದ ನಾಡಿನ ಮದುಮಗಳು ತನ್ನ ಮದುವೆಯಂದು ಏನನ್ನು ಉಟ್ಟಳು, ಇಂದು ಏನನ್ನು ‘ಸಾಂಪ್ರದಾಯಿಕ’ವೆಂದು ಆರಿಸಿಕೊಳ್ಳುತ್ತಾಳೆ ಎಂಬುದು ಪ್ರತ್ಯೇಕವಾಗಿ ವಿಚಾರಿಸಬೇಕಾದ ಪ್ರಶ್ನೆ. ಇಂದಿನ ಚೀನೀ ವಧುವಿನ ಮುಂದೆ ಸಂಪ್ರದಾಯದ ಹೆಸರಿನಲ್ಲಿ ಕನಿಷ್ಠ ನಾಲ್ಕು ಬಗೆಯ ಉಡುಪುಗಳಿವೆ. ಪ್ರತಿಯೊಂದೂ ಬೇರೆಯದೇ ಕಾಲಘಟ್ಟದ್ದು. ಆದ್ದರಿಂದ ಸಂಪ್ರದಾಯವನ್ನು ಆರಿಸುವುದೆಂದರೆ ಹಲವು ಚರಿತ್ರೆಗಳಲ್ಲಿ ಒಂದನ್ನು ಆರಿಸುವುದೇ ಆಗಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ಕೆಂಪು ಎಂಬ ನಂಬಿಕೆ

ಚೀನೀ ಮದುವೆ ಎಂದೊಡನೆ ಕಣ್ಣಮುಂದೆ ಬರುವ ಬಣ್ಣ ಕೆಂಪು. ಅದು ಮಂಗಳಸೂಚಕ, ಬಿಳಿ ಬಣ್ಣವಾದರೋ ಪರಂಪರೆಯಲ್ಲಿ ಸೂತಕಕ್ಕೆ ಸಲ್ಲುವಂಥದು. ಆದರೆ ಪ್ರಾಚೀನ ವಿಧಿಗ್ರಂಥ ‘ಯೀ ಲೀ’ಯ ವಿವಾಹ ಪ್ರಕರಣದಲ್ಲಿ ವಧುವಿನ ಉಡುಪು ಕಪ್ಪುಛಾಯೆಯ ರೇಷ್ಮೆಯದು, ಕೆಂಪು ಅದರ ಅಂಚಿನಲ್ಲಿ ಮಾತ್ರ ಇದೆ. ಮತ್ತೊಂದು ವಿಧಿಗ್ರಂಥ ‘ಲೀ ಜೀ’ಯು ಮದುವೆಯಲ್ಲಿ ವಾದ್ಯಸಂಗೀತವನ್ನೇ ಒಪ್ಪುವುದಿಲ್ಲ. ಮಗ ತಂದೆಯ ಸ್ಥಾನಕ್ಕೆ ಬರುವ ಸೂಚನೆಯಾದ ಆ ದಿನ ಗಾಂಭೀರ್ಯದ್ದೇ ಹೊರತು ಸಂಭ್ರಮದ್ದಲ್ಲ ಎಂಬುದು ಅದರ ನಿಲುವು. ತಾಂಗ್ ಯುಗದಲ್ಲಿ (ಕ್ರಿ.ಶ. ೬೧೮-೯೦೭) ವರನು ಕೆಂಪನ್ನೂ ವಧುವು ಹಸಿರನ್ನೂ ಧರಿಸುವ ರೂಢಿಯಿತ್ತು. ವಧುವು ಅಡಿಯಿಂದ ಮುಡಿಯವರೆಗೆ ಕೆಂಪಾಗಿ ಕಾಣಿಸಿಕೊಳ್ಳುವ ಚಿತ್ರ ಬಲಗೊಂಡದ್ದು ಮುಂದಿನ ಮಿಂಗ್ (೧೩೬೮-೧೬೪೪) ಮತ್ತು ಛಿಂಗ್ (೧೬೪೪-೧೯೧೨) ಕಾಲಗಳಲ್ಲಿ.

ಮಿಂಗ್ ಕಾಲದ ಇನ್ನೊಂದು ಅಂಶ ಗಮನಾರ್ಹ. ರಾಜಮನೆತನದ ಮತ್ತು ಅಧಿಕಾರಿವರ್ಗದ ಸ್ತ್ರೀಯರಿಗೆ ಮೀಸಲಾದ ‘ಫೆಂಗ್‌ಗ್ವಾನ್’ ಅಂದರೆ ಫೀನಿಕ್ಸ್ ಪಕ್ಷಿಯ ಕಿರೀಟವನ್ನೂ, ‘ಶ್ಯಾಪೇ’ ಎಂಬ ಕಸೂತಿಯ ಉತ್ತರೀಯವನ್ನೂ ಸಾಮಾನ್ಯರ ಹೆಣ್ಣುಮಕ್ಕಳು ಮದುವೆಯ ದಿನ ಧರಿಸತೊಡಗಿದರು. ಸಾಮಾನ್ಯ ವರನಿಗೂ ಆ ದಿನದ ಮಟ್ಟಿಗೆ ಒಂಬತ್ತನೆಯ, ಅಂದರೆ ಕಟ್ಟಕಡೆಯ, ದರ್ಜೆಯ ಅಧಿಕಾರಿಯ ಪೋಷಾಕಿಗೆ ಅನುಮತಿಯಿತ್ತು. ಬೀಜಿಂಗ್ ಸಮೀಪದ ದಿಂಗ್‌ಲಿಂಗ್ ಸಮಾಧಿಯ ಉತ್ಖನನದಲ್ಲಿ (೧೯೫೬-೫೮) ದೊರೆತ ಸಾಮ್ರಾಜ್ಞಿಯರ ಕಿರೀಟಗಳು ಮುತ್ತು, ರತ್ನ, ಮಿಂಚುಳ್ಳಿಯ ನೀಲಿ ಗರಿಗಳಿಂದ ರಚಿತವಾಗಿವೆ. ಹಳ್ಳಿಯ ವಧುವಿನ ಕಿರೀಟ ಅದರ ಬಡ ಪ್ರತಿರೂಪ. ಒಂದು ದಿನದ ಮಟ್ಟಿಗೆ ರಾಣಿಯಾದವಳು ಮರುದಿನ ಅತ್ತೆಯ ಮನೆಯ ಕಿರಿಯ ಸೊಸೆ. ಉಡುಪು ಕೊಟ್ಟ ಪದವಿಯನ್ನು ಕುಟುಂಬವ್ಯವಸ್ಥೆ ಸಂಜೆಯೊಳಗೆ ಹಿಂದಕ್ಕೆ ಪಡೆಯುತ್ತಿತ್ತು.

೨. ಎರಡು ತುಂಡು, ಒಂದು ತುಂಡು

೧೬೪೪ರಲ್ಲಿ ಮಂಚೂ ಜನರು ಬೀಜಿಂಗನ್ನು ಹಿಡಿದ ಬಳಿಕ ಹಾನ್ ಪುರುಷರ ಮೇಲೆ ತಮ್ಮ ಕೇಶವಿನ್ಯಾಸವನ್ನೂ ಉಡುಪನ್ನೂ ಹೇರಿದರು. ಸ್ತ್ರೀಯರ ಮೇಲೆ ಆ ಒತ್ತಾಯ ಅಷ್ಟಾಗಿ ಬೀಳಲಿಲ್ಲ. ಹೀಗಾಗಿ ಹಾನ್ ಸ್ತ್ರೀಯರ ಮೇಲಂಗಿ-ಲಂಗದ ಎರಡು ತುಂಡಿನ ಉಡುಪು ಉಳಿದುಬಂತು. ಮಂಚೂ ಸ್ತ್ರೀಯರದು ಒಂದೇ ತುಂಡಿನ ನಿಲುವಂಗಿ. ಇಂದಿನ ವಧುವಿನ ಮುಂದಿರುವ ಆಯ್ಕೆಗಳನ್ನು ವಿಂಗಡಿಸಲು ಈ ಭೇದ ಬಹಳ ಉಪಯುಕ್ತವಾದುದು.

ಗ್ವಾಂಗ್‌ಡೊಂಗ್ ಮತ್ತು ಹಾಂಗ್‌ಕಾಂಗ್ ಭಾಗದ ‘ಚುನ್‌ಗ್ವಾ’ ಎರಡು ತುಂಡಿನದು. ಮುಂಭಾಗದ ನಡುವೆ ತೆರೆಯುವ ಮೇಲಂಗಿ, ನೇರವಾದ ಲಂಗ, ಇವುಗಳ ಮೇಲೆ ಚಿನ್ನ-ಬೆಳ್ಳಿಯ ಎಳೆಗಳಿಂದ ಉಬ್ಬಿಸಿ ಕಸೂತಿ ಮಾಡಿದ ಡ್ರ್ಯಾಗನ್ ಮತ್ತು ಫೀನಿಕ್ಸ್. ಕಸೂತಿಯ ದಟ್ಟಣೆಯನ್ನು ಅನುಸರಿಸಿ ಇದಕ್ಕೆ ಕಿರಿಯ, ನಡುವಣ, ಹಿರಿಯ ‘ಪಂಚಭಾಗ್ಯ’ಗಳೆಂದೂ, ಅವುಗಳ ಮೇಲೆ ‘ಗ್ವಾರಾಣಿ’, ‘ಗ್ವಾರಾಜ’ ಎಂದೂ ಐದು ದರ್ಜೆಗಳಿವೆ. ಕೊನೆಯ ದರ್ಜೆಯಲ್ಲಿ ತಳದ ಕೆಂಪು ಬಟ್ಟೆ ಬಹುತೇಕ ಕಾಣಿಸುವುದೇ ಇಲ್ಲ.

ಒಂದು ತುಂಡಿನ ‘ಚೀಪಾವ್’ ಹೆಸರಿನಲ್ಲಿಯೇ ಮಂಚೂ ಮೂಲವನ್ನು ಹೊತ್ತಿದೆ. ‘ಚೀ’ ಎಂದರೆ ಧ್ವಜ; ಮಂಚೂ ಸೇನಾಸಮುದಾಯಗಳನ್ನು ಧ್ವಜಗಳ ಹೆಸರಿನಿಂದ ಗುರುತಿಸುತ್ತಿದ್ದರು. ಆದರೆ ಮೈಗೊಪ್ಪುವ ಅದರ ಇಂದಿನ ರೂಪ ೧೯೨೦ ಮತ್ತು ೩೦ರ ದಶಕಗಳ ಶಾಂಘೈ ನಗರದ್ದು. ೧೯೨೯ರಲ್ಲಿ ರಾಷ್ಟ್ರೀಯ ಸರ್ಕಾರದ ಉಡುಪಿನ ನಿಯಮಾವಳಿ ಸ್ತ್ರೀಯರಿಗೆ ಸೂಚಿಸಿದ ಔಪಚಾರಿಕ ಉಡುಪುಗಳಲ್ಲಿ ಈ ಬಗೆಯ ನಿಲುವಂಗಿಯೂ ಒಂದು. ಓದಿದ, ಉದ್ಯೋಗಕ್ಕೆ ಹೊರಟ ನಗರದ ಹೆಣ್ಣಿನ ಉಡುಪಾಗಿ ಬೆಳೆದದ್ದು ಈಗ ‘ಅಜ್ಜಿಯ ಕಾಲದ್ದು’ ಎನಿಸಿಕೊಂಡಿದೆ. ಒಂದು ಕಾಲದ ಆಧುನಿಕತೆ ಮತ್ತೊಂದು ಕಾಲಕ್ಕೆ ಸಂಪ್ರದಾಯವಾಗುವ ಬಗೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

೩. ಪರದೆಯಿಂದ ಬಂದ ಪರಂಪರೆ

ಮೂರನೆಯದಾದ ‘ಶ್ಯೂಹೆ’ ಉಡುಪಿನ ಪ್ರಸಂಗ ಹೆಚ್ಚು ಸಂಕೀರ್ಣವಾದುದು. ಸಡಿಲವಾದ ಮೇಲಂಗಿ, ಅಗಲ ತೋಳು, ನೆರಿಗೆಯ ಲಂಗ, ಬಣ್ಣದ ರೇಷ್ಮೆ ಎಳೆಗಳ ಹೂಬಳ್ಳಿ: ಇದು ಛಿಂಗ್ ಕಾಲದ ಕೊನೆಯ ಹಾನ್ ಸ್ತ್ರೀಯರ ಉಡುಪನ್ನು ನೆನಪಿಸುತ್ತದೆ. ಆದರೆ ಈ ಹೆಸರು ಯಾವ ಪ್ರಾಚೀನ ಗ್ರಂಥದಲ್ಲಿಯೂ ಇಲ್ಲ. ಈ ಶತಮಾನದ ಆರಂಭದಲ್ಲಿ ಲೀ ಶಾವ್‌ಹೊಂಗ್ ನಿರ್ದೇಶಿಸಿದ, ಲೇಖಕಿ ಚೀ ಜುನ್ ಅವರ ಕಥೆಯನ್ನು ಆಧರಿಸಿದ ‘ಕಿತ್ತಳೆ ಕೆಂಪಾಯಿತು’ ಎಂಬ ಅರ್ಥದ ಹೆಸರುಳ್ಳ ದೂರದರ್ಶನ ಧಾರಾವಾಹಿಯ ನಾಯಕಿಯೇ ಶ್ಯೂಹೆ. ಅದರ ವಸ್ತ್ರವಿನ್ಯಾಸ ಟಿಮ್ ಯಿಪ್ ಅವರದು. ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಚಿತ್ರದ ಕಲಾನಿರ್ದೇಶನಕ್ಕೆ ೨೦೦೧ರಲ್ಲಿ ಆಸ್ಕರ್ ಪಡೆದ ಕಲಾವಿದರು ಅವರು. ಪಾತ್ರದ ಹೆಸರೇ ಉಡುಪಿನ ಹೆಸರಾಯಿತು.

ಶ್ಯೂಹೆಯ ಕಥೆ ಏನು? ಮಕ್ಕಳಿಲ್ಲದ ಸಿರಿವಂತ ಮನೆಗೆ ವಾರಸುದಾರನನ್ನು ಹೆತ್ತುಕೊಡಲೆಂದು ಹಿರಿಯ ಹೆಂಡತಿಯೇ ತಂದ ಹಳ್ಳಿಯ ಹುಡುಗಿ ಅವಳು. ಕಥೆ ದುರಂತದಲ್ಲಿ ಮುಗಿಯುತ್ತದೆ. ಇಂಥ ಬಹುಪತ್ನೀತ್ವವನ್ನೂ ಬಲವಂತದ ಮದುವೆಯನ್ನೂ ೧೯೫೦ರ ವಿವಾಹ ಕಾಯಿದೆ ನಿಷೇಧಿಸಿತು. ಅನಂತರ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ (೧೯೬೬-೭೬) ಹಳೆಯ ರೂಢಿಗಳೊಂದಿಗೆ ಕಸೂತಿಯ ಉಡುಪುಗಳೂ ತಿರಸ್ಕೃತವಾಗಿ, ವಧುವರರಿಬ್ಬರೂ ನೀಲಿ, ಬೂದು ಅಥವಾ ಸೈನಿಕ ಹಸಿರಿನ ಸರಳ ಅಂಗಿಯಲ್ಲಿ ಮಾವೋ ಭಾವಚಿತ್ರಕ್ಕೆ ತಲೆಬಾಗಿ ಮದುವೆಯಾದರು. ೧೯೮೦ರ ದಶಕದಿಂದ ಪಾಶ್ಚಾತ್ಯ ಬಿಳಿ ಗೌನು ನಗರಗಳಲ್ಲಿ ಹರಡಿತು. ಇಷ್ಟು ದೊಡ್ಡ ಬಿರುಕಿನ ನಂತರ ಕೆಂಪಿಗೆ ಮರಳಬಯಸಿದ ಹೆಣ್ಣಿಗೆ ದೂರದರ್ಶನದ ಪರದೆ ಅಜ್ಜಿಯ ಪೆಟ್ಟಿಗೆಯಂತೆ ಒದಗಿದ್ದು ಸಹಜ. ತನ್ನಿಚ್ಛೆಯಿಂದ ಮದುವೆಯಾಗುವ ಇಂದಿನ ವಧು, ಇಚ್ಛೆಗೆ ಅವಕಾಶವೇ ಇಲ್ಲದಿದ್ದವಳ ಹೆಸರಿನ ಉಡುಪನ್ನು ಸಂತೋಷದಿಂದ ಉಡುತ್ತಾಳೆ. ಇದನ್ನು ಮರೆವು ಎನ್ನಬಹುದು. ಆ ಹೆಸರಿಗೆ ಕೊನೆಗೂ ದೊರೆತ ಬಿಡುಗಡೆ ಎಂದೂ ಓದಬಹುದು. ಎರಡೂ ಓದುಗಳಿಗೆ ಅವಕಾಶವಿದೆ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ಆಯ್ಕೆ ‘ಹಾನ್‌ಫು’. ೨೦೦೩ರಲ್ಲಿ ಝೆಂಗ್‌ಝೌ ನಗರದ ಬೀದಿಯಲ್ಲಿ ವ್ಯಕ್ತಿಯೊಬ್ಬರು ಈ ಉಡುಪಿನಲ್ಲಿ ನಡೆದಾಡಿದ ಘಟನೆಯಿಂದ ಪ್ರಚಾರ ಪಡೆದ ಈ ಚಳವಳಿ ಮಂಚೂಪೂರ್ವ ಉಡುಪನ್ನು ಪುನಾರಚಿಸಲು ಯತ್ನಿಸುತ್ತದೆ. ಝೌ, ತಾಂಗ್, ಮಿಂಗ್ ಮಾದರಿಗಳೆಂದು ಮದುವೆಗಳನ್ನೇ ಇದು ವಿಂಗಡಿಸುತ್ತದೆ. ಝೌ ಮಾದರಿಯನ್ನು ಆರಿಸಿದವಳು ಕಪ್ಪನ್ನು ಉಡುತ್ತಾಳೆ. ಆಗ ಮನೆಯ ಹಿರಿಯರಿಗೆ ಅದನ್ನು ವಿವರಿಸುವ ಹೊಣೆಯೂ ಅವಳದೇ.

೪. ಕಸೂತಿಯ ಶ್ಲೇಷೆ

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಉಡುಪುಗಳ ಕಸೂತಿ ವಿಶೇಷ ಕುತೂಹಲದ ವಿಷಯ. ಅದರ ಬಹುಭಾಗ ಶಬ್ದಶ್ಲೇಷೆಯನ್ನು ಅವಲಂಬಿಸಿದೆ. ಬಾವಲಿಯ ಹೆಸರೂ ಭಾಗ್ಯದ ಹೆಸರೂ ‘ಫು’ ಎಂದೇ ಉಚ್ಚಾರಗೊಳ್ಳುವುದರಿಂದ ಬಾವಲಿ ಮಂಗಳಕರ. ತಾವರೆಯ ‘ಲ್ಯೆನ್’ ನಿರಂತರತೆಯ ‘ಲ್ಯೆನ್’ ಕೂಡ ಹೌದು. ದಾಳಿಂಬೆಯ ಬೀಜ ಸಂತಾನದ ಸೂಚಕ. ಜೋಡಿ ಬಿಡದ ಯುವಾನ್‌ಯಾಂಗ್ ಬಾತುಗಳು ದಾಂಪತ್ಯಕ್ಕೆ ಸಂಕೇತ. ಅಂದರೆ ವಧುವಿನ ಮೈಮೇಲೆ ಕುಟುಂಬದ ಅಪೇಕ್ಷೆಗಳೇ ಬರೆಯಲ್ಪಟ್ಟಿವೆ. ದಾಳಿಂಬೆಯ ಬದಲು ಪಿಯೋನಿ ಹೂವನ್ನು ಆರಿಸಿದವಳು ಸಂತಾನದ ಮಾತನ್ನು ಬಿಟ್ಟು ಸಮೃದ್ಧಿಯ ಮಾತನ್ನು ಆಡಿದಂತೆ.

೫. ಆಯ್ಕೆಯ ಮಾನದಂಡಗಳು

ವ್ಯವಹಾರದಲ್ಲಿ ವಿಧಿಯ ಹಂತಗಳೇ ಉಡುಪನ್ನು ನಿರ್ಧರಿಸುತ್ತವೆ. ಹಿರಿಯರಿಗೆ ಮೊಣಕಾಲೂರಿ ಚಹಾ ಅರ್ಪಿಸುವ ವಿಧಿಗೆ ಚುನ್‌ಗ್ವಾ ಅಥವಾ ಶ್ಯೂಹೆ, ಔತಣದಲ್ಲಿ ಮೇಜಿನಿಂದ ಮೇಜಿಗೆ ನಡೆಯಲು ಚೀಪಾವ್, ನಡುವೆ ಬಿಳಿ ಗೌನು ಎಂಬ ಹಂಚಿಕೆ ಸಾಮಾನ್ಯ. ಲೋಹದ ಎಳೆಯ ಚುನ್‌ಗ್ವಾ ಭಾರ ಮತ್ತು ಬಿಗುಪು. ಅದರ ಮೊಟಕು ತೋಳು ತವರಿನವರು ಕೊಟ್ಟ ಚಿನ್ನದ ಬಳೆಗಳನ್ನು ಕಾಣಿಸುತ್ತದೆ. ಕೈಕಸೂತಿಗೆ ತಿಂಗಳುಗಳ ದುಡಿಮೆ ಬೇಕಾದ್ದರಿಂದ ಬಾಡಿಗೆಯ ಮತ್ತು ಯಂತ್ರಕಸೂತಿಯ ಉಡುಪುಗಳೇ ಹೆಚ್ಚು ಬಳಕೆಯಲ್ಲಿವೆ. ಸಂಪ್ರದಾಯ ಯಾರಿಗೆ ಎಷ್ಟು ಎಟಕುತ್ತದೆ ಎಂಬುದು ಇಲ್ಲಿ ಹಣದ ಪ್ರಶ್ನೆಯೂ ಆಗುತ್ತದೆ.

ಒಟ್ಟಾರೆಯಾಗಿ, ಚೀನೀ ವಧುವಿನ ‘ಸಾಂಪ್ರದಾಯಿಕ’ ಉಡುಪು ಒಂದು ಅಖಂಡ ಪರಂಪರೆಯ ಕೊನೆಯ ಕೊಂಡಿಯಾಗಿಲ್ಲ. ವಿಧಿಗ್ರಂಥ, ರಾಜಾಜ್ಞೆ, ನಗರದ ಫ್ಯಾಷನ್, ಕ್ರಾಂತಿ ಮತ್ತು ಧಾರಾವಾಹಿಗಳು ಬಿಟ್ಟುಹೋದ ತುಣುಕುಗಳಿಂದ ಪ್ರತಿ ವಧುವೂ ಅದನ್ನು ಹೊಸದಾಗಿ ಜೋಡಿಸಿಕೊಳ್ಳುತ್ತಾಳೆ. ಕ್ಷೇತ್ರಕಾರ್ಯಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳು ಮದುವೆಯ ಉಡುಪನ್ನು ದಾಖಲಿಸುವಾಗ ‘ಸಾಂಪ್ರದಾಯಿಕ’ ಎಂದು ಬರೆದು ಮುಂದೆ ಸಾಗುವುದುಂಟು. ಅದು ಎಂದಿನಿಂದ, ಯಾರ ಅನುಮತಿಯಿಂದ, ಯಾರ ಬೆರಳುಗಳ ದುಡಿಮೆಯಿಂದ ಎಂಬ ಮೂರು ಪ್ರಶ್ನೆಗಳನ್ನು ಜೊತೆಗೆ ಕೇಳಿದರೆ, ಉಡುಪಿನೊಳಗಿರುವ ಹೆಣ್ಣಿನ ಚರಿತ್ರೆಯೂ ದಾಖಲೆಗೆ ಬಂದೀತು.