ಅಡಿಗೆ ಪಾತ್ರೆಗೂ ಒಂದು ಕಾನೂನು



ಮನೆ ಆಶೀರ್ವಾದಕ್ಕೆ ಬಂದಾಗ ಅಡಿಗೆಮನೆಗೂ ತೀರ್ಥ ಚಿಮುಕಿಸುವುದು ವಾಡಿಕೆ. ಕೊಳ್ಳೇಗಾಲವಾಗಲಿ, ಹನೂರಿನ ಕಾಡಂಚಿನ ಊರಾಗಲಿ, ಯಳಂದೂರಾಗಲಿ, ಒಲೆಯ ಬಳಿ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಮುದ್ದೆ ತೊಳಸುವ ಅಲ್ಯುಮಿನಿಯಂ ತಪ್ಪಲೆ, ಹುಳಿಸಾರಿಗೆ ಹಿಂಡಾಲಿಯಂ ಪಾತ್ರೆ, ಅಟ್ಟದ ಮೇಲೆ ಅಜ್ಜಿಯ ಕಾಲದ ಹಿತ್ತಾಳೆ ಕೊಳಗ. "ಈ ಪಾತ್ರೆಯಲ್ಲಿ ಏನಿದೆ?" ಎಂದು ಕೇಳಿದರೆ "ಸಾರು ಸ್ವಾಮಿ" ಎನ್ನುತ್ತೀರಿ. ನಾನು ಕೇಳುವುದು ಸಾರನ್ನಲ್ಲ, ಲೋಹವನ್ನು.

ನಮ್ಮ ಅಜ್ಜಿಯಂದಿರಿಗೆ ಈ ಪ್ರಶ್ನೆ ಗೊತ್ತಿತ್ತು. ಕಲಾಯಿ ಸವೆದ ಹಿತ್ತಾಳೆ ಪಾತ್ರೆಯಲ್ಲಿ ಅವರು ಹುಣಸೆ ಹುಳಿ ಇಡುತ್ತಿರಲಿಲ್ಲ. ಕಲಾಯಿಯವನು ಬರುವವರೆಗೆ ಅದು ಮೂಲೆ ಸೇರುತ್ತಿತ್ತು. ಸರ್ಕಾರವೂ ಇದನ್ನೇ ಕಾನೂನಾಗಿ ಬರೆಯಿತು. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯಡಿ 1955ರಲ್ಲಿ ಬಂದ ನಿಯಮಗಳ ಪ್ರಕಾರ, ತುಕ್ಕು ಹಿಡಿದ ಪಾತ್ರೆ, ಚಕ್ಕೆ ಎದ್ದ ಎನಾಮಲ್ ಪಾತ್ರೆ, ಸರಿಯಾಗಿ ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ, ಮಾನಕಕ್ಕೆ ಹೊಂದದ ಅಲ್ಯುಮಿನಿಯಂ, ಇವುಗಳಲ್ಲಿ ತಯಾರಿಸಿದ ಆಹಾರ ತಿನ್ನಲು ಯೋಗ್ಯವಾಗಿರಲಿಲ್ಲ. (ಆಗ ಕೊಳ್ಳೇಗಾಲವಿನ್ನೂ ಮದ್ರಾಸು ರಾಜ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ.) ಆದರೆ ಆ ನಿಯಮದ ಕೈ ಹೋಟೆಲಿನ, ಮಿಠಾಯಿ ಅಂಗಡಿಯ ಬಾಗಿಲವರೆಗೆ ಮಾತ್ರ ಚಾಚಿತು. ನಿಮ್ಮ ಅಡಿಗೆಮನೆಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಇಲ್ಲಿ ಭಯಪಡಬೇಕಾದ ವಸ್ತು ಸೀಸ. 2018ರ ಡಿಸೆಂಬರ್ 14ರಂದು ನಮ್ಮ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿ 17 ಜನರ ಪ್ರಾಣ ಹೋದದ್ದನ್ನು ಈ ಭಾಗದವರು ಮರೆಯಲಾರರು. ಆ ವಿಷ ಅಂದೇ ಬಾಯಿಬಿಟ್ಟಿತು. ವೈದ್ಯರು, ಪೊಲೀಸರು, ಮಂತ್ರಿಗಳು ಎಲ್ಲರೂ ಓಡಿಬಂದರು. ಸೀಸಕ್ಕೆ ಯಾರೂ ಓಡಿಬರುವುದಿಲ್ಲ. ಅದು ರುಚಿಯಿಲ್ಲದೆ, ವಾಸನೆಯಿಲ್ಲದೆ ದಿನಕ್ಕಿಷ್ಟು ಸೇರಿ ಮೂಳೆಯಲ್ಲಿ ಕೂರುತ್ತದೆ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಅದನ್ನು ಹೀರಿಕೊಳ್ಳುವುದು ಎಳೆಯ ಮಕ್ಕಳ ದೇಹ. ಕಲಿಕೆ ಹಿಂದುಳಿಯುತ್ತದೆ, ಮಗುವಿಗೆ "ದಡ್ಡ" ಎಂಬ ಹೆಸರು ಬರುತ್ತದೆ. ಇಷ್ಟು ಸೀಸವಾದರೆ ಪರವಾಗಿಲ್ಲ ಎಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ವಿಷಯವನ್ನು ದೇಶಕ್ಕೆ ಎತ್ತಿ ತೋರಿಸಿದವರಲ್ಲಿ ಒಬ್ಬರು ನಮ್ಮ ಧರ್ಮಸಭೆಯದೇ ಆದ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಎಂಬುದನ್ನು ಹೆಮ್ಮೆಯಿಂದ ಹೇಳಬೇಕು. ದಿ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಗೆ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತ ಪರೀಕ್ಷೆಯಲ್ಲಿ 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಮಿತಿ ಮೀರಿತ್ತು. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಅಂದರೆ ಕಾನೂನು ಕೆಲಸ ಮಾಡುತ್ತದೆ, ತಡವಾಗಿಯಾದರೂ.

ಹಾಗಾದರೆ ಪಾತ್ರೆ? ಹಿಂಡಾಲಿಯಂ ಎಂದರೆ ಅಲ್ಯುಮಿನಿಯಂಗೆ ಮೆಗ್ನೀಸಿಯಂ, ಮ್ಯಾಂಗನೀಸ್, ಸಿಲಿಕಾನ್ ಮುಂತಾದವು ಸೇರಿದ ಮಿಶ್ರಲೋಹ. ಇದರಲ್ಲಿ ಸೀಸಕ್ಕೆ ಕೆಲಸವಿಲ್ಲ. ಆದರೆ ಹಳೆಯ ಎಂಜಿನ್ ಭಾಗ, ಗುಜರಿ ಎಲ್ಲವನ್ನೂ ಕರಗಿಸಿ ಎರಕ ಹೊಯ್ದರೆ ಸೀಸ ಒಳಗೆ ನುಸುಳುತ್ತದೆ. ಹುಣಸೆ, ಟೊಮೇಟೊ ಹುಳಿ ಕುದಿಯುವಾಗ ಅದು ಸಾರಿಗೆ ಇಳಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ ಆಫ್ಘನ್ ನಿರಾಶ್ರಿತರ ಮಕ್ಕಳ ರಕ್ತದಲ್ಲಿ ಸೀಸ ಏಕೆ ಹೆಚ್ಚೆಂದು ಹುಡುಕಿದವರು ಕೊನೆಗೆ ತಲಪಿದ್ದು ಅವರ ಅಲ್ಯುಮಿನಿಯಂ ಪಾತ್ರೆಗಳನ್ನು. ಆ ರಾಜ್ಯ 2024ರಲ್ಲಿ ಪಾತ್ರೆಗಳ ಸೀಸಕ್ಕೆ ಮಿತಿ ಹಾಕುವ ಕಾನೂನು ಮಾಡಿತು. 2025ರ ಆಗಸ್ಟಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸೀಸ ಬಿಡುವ ಆಮದು ಪಾತ್ರೆಗಳ ಬಗ್ಗೆ ಎಚ್ಚರಿಸಿದಾಗ ಅದರಲ್ಲಿ ಹಿಂಡಾಲಿಯಂ ಎಂಬ ನಮ್ಮ ಮನೆಮಾತೇ ಅಚ್ಚಾಗಿತ್ತು.

ನಮ್ಮಲ್ಲೂ ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಸ್ಟೀಲ್ ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಸಣ್ಣ ಕೈಗಾರಿಕೆಗಳಿಗೆ ಹೆಚ್ಚಿನ ಕಾಲಾವಕಾಶ ಸಿಕ್ಕಿತು. ಸ್ಟೀಲಿಗೆ ಐಎಸ್ 14756, ಅಲ್ಯುಮಿನಿಯಂಗೆ ಐಎಸ್ 1660. ಈ ಸಂಖ್ಯೆ ಗುರುತಿನ ಮೇಲಿರುತ್ತದೆ, ಕೆಳಗೆ ತಯಾರಕರ ಲೈಸೆನ್ಸ್ ಸಂಖ್ಯೆ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನಿಜವೋ ಸುಳ್ಳೋ ನೋಡಬಹುದು. ನಿಮ್ಮ ಕಾಲೇಜು ಓದುವ ಮಕ್ಕಳಿಗೆ ಎರಡು ನಿಮಿಷದ ಕೆಲಸ.

ಗುರುಮಠದಲ್ಲಿ ಓದುವಾಗ ಸಂತ ಥಾಮಸ್ ಅಕ್ವಿನಾಸರ ಕಾನೂನಿನ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದೆವು. ಕಾನೂನು ವಿವೇಕದಿಂದ ಹುಟ್ಟಬೇಕು, ಸರ್ವರ ಹಿತಕ್ಕಿರಬೇಕು, ಸಮುದಾಯದ ಹೊಣೆ ಹೊತ್ತವರಿಂದ ಬರಬೇಕು, ಮತ್ತು ಪ್ರಕಟವಾಗಬೇಕು. ಆ ಕೊನೆಯ ಮಾತು ಆಗ ನನಗೆ ಪರೀಕ್ಷೆಗೆ ಬರೆಯುವ ಸಾಲಷ್ಟೇ ಆಗಿತ್ತು. ದೆಹಲಿಯ ಗೆಜೆಟ್ಟಿನಲ್ಲಿ ಅಚ್ಚಾದದ್ದು ಸಂತೆಯಲ್ಲಿ ತೂಕದ ಲೆಕ್ಕದಲ್ಲಿ ಪಾತ್ರೆ ಕೊಳ್ಳುವ ತಾಯಿಗೆ ತಿಳಿಯದಿದ್ದರೆ, ಆಕೆಯ ಪಾಲಿಗೆ ಅದು ಪ್ರಕಟವಾಯಿತೇ? ಹಳೆಯ ಪಾತ್ರೆ ಕೊಟ್ಟು ಹೊಸದು ಪಡೆಯುವ ವ್ಯಾಪಾರದಲ್ಲಿ ಗುರುತನ್ನು ಯಾರು ನೋಡುತ್ತಾರೆ? ಬಡವರ ಪಾತ್ರೆಯೇ ಅಗ್ಗದ ಪಾತ್ರೆ, ಅಗ್ಗದ ಪಾತ್ರೆಯೇ ಗುರುತಿಲ್ಲದ ಪಾತ್ರೆ.

ನಾನ್‌ಸ್ಟಿಕ್ ತವಾದ ಬಗ್ಗೆ ಹಲವರು ಕೇಳುತ್ತೀರಿ. ಹಿಂದೆ ಆ ಲೇಪನದ ತಯಾರಿಕೆಗೆ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಸಾರಿತು. ಅಮೆರಿಕದ ಮಿನ್ನೆಸೋಟ ರಾಜ್ಯ 2025ರ ಜನವರಿಯಿಂದ ಈ ಕುಟುಂಬದ ರಾಸಾಯನಿಕ ಬೆರೆಸಿದ ಅಡಿಗೆ ಪಾತ್ರೆಗಳ ಮಾರಾಟವನ್ನೇ ನಿಲ್ಲಿಸಿತು. ಫ್ರಾನ್ಸ್ ಅದೇ ವರ್ಷ ಕಾನೂನು ಮಾಡಿದರೂ ಅಡಿಗೆ ಪಾತ್ರೆಗಳನ್ನು ಹೊರಗಿಟ್ಟಿತು. ಖಾಲಿ ತವಾವನ್ನು ಹೊಗೆಯಾಡುವಂತೆ ಕಾಯಿಸಬೇಡಿ. ಇನ್ನೊಂದು ಕೊಳ್ಳುವಾಗ ಕಬ್ಬಿಣದ ಹೆಂಚನ್ನೇ ಕೊಳ್ಳಿ, ಅದೇ ಅಗ್ಗ.

ಕಳೆದ ಹಬ್ಬದೂಟಕ್ಕೆ ಬಾಡಿಗೆಗೆ ತಂದ ದೊಡ್ಡ ಅಲ್ಯುಮಿನಿಯಂ ಕೊಪ್ಪರಿಗೆಗಳನ್ನು ನಾನೇ ಮಗುಚಿ ನೋಡಿದೆ. ಒಂದರ ಮೇಲೂ ಗುರುತಿರಲಿಲ್ಲ. ಎಲ್ಲಿಯ ಮಾಲೆಂದು ಬಾಡಿಗೆಯವರಿಗೂ ಗೊತ್ತಿರಲಿಲ್ಲ. ಹುಳಿಸಾರನ್ನು ಧರ್ಮಕೇಂದ್ರದ ಸ್ಟೀಲ್ ಪಾತ್ರೆಗಳಲ್ಲಿ ನಾಲ್ಕು ಸಲವಾಗಿ ಕುದಿಸಿದೆವು. ಊಟ ತಡವಾಯಿತೆಂದು ಗೊಣಗಿದವರೂ ಉಂಟು. ಅನ್ನ ಮಾತ್ರ ಆ ಕೊಪ್ಪರಿಗೆಯಲ್ಲೇ ಬೆಂದಿತು. ಬೇರೆ ಪಾತ್ರೆ ಇರಲಿಲ್ಲ.