ಪಟಾಕಿಗೆ ಹೆದರುವ ನಾಯಿ: ಹಬ್ಬಕ್ಕೆ ಮುಂಚೆಯೇ ಅಭ್ಯಾಸ ಮಾಡಿಸಿ

ದೀಪಾವಳಿಯ ಮೊದಲ ಪಟಾಕಿ ಸಿಡಿದದ್ದೇ ತಡ, ಎಷ್ಟೋ ಮನೆಗಳ ನಾಯಿಗಳು ಮಂಚದಡಿ ಸೇರುತ್ತವೆ. ಅದು ಹಟವಲ್ಲ, ನಿಜವಾದ ಭಯ. ನಮಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ, ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಎಲ್ಲಿಂದ, ಯಾವಾಗ ಬರುತ್ತದೆಂದು ತಿಳಿಯದ ಸ್ಫೋಟ ಅದಕ್ಕೆ ಅಪಾಯದ ಸೂಚನೆ. ಗದರಿದರೆ ಭಯ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಸದ್ದಾದರೆ ಒಳ್ಳೆಯದೇ ಆಗುತ್ತದೆ ಎಂದು ಕಲಿಸಬೇಕು. ಇದಕ್ಕೆ ವಾರಗಳೇ ಬೇಕು, ಆದ್ದರಿಂದ ಹಬ್ಬಕ್ಕೆ ಒಂದೆರಡು ತಿಂಗಳು ಮೊದಲೇ ಶುರುಮಾಡಿ.

1. ಭಯದ ಗುರುತು ತಿಳಿಯಿರಿ
ನಡುಗುವ, ಓಡುವ ಮೊದಲೇ ನಾಯಿ ಸುಳಿವು ಕೊಡುತ್ತದೆ. ಮತ್ತೆ ಮತ್ತೆ ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಕಿವಿ ಹಿಂದಕ್ಕೆ ಒತ್ತುವುದು, ಬಾಲ ಮುದುಡುವುದು, ಸೆಕೆಯಿಲ್ಲದೆಯೂ ಏದುಸಿರು ಬಿಡುವುದು.

2. ಮೆಲ್ಲನೆಯ ಸದ್ದಿನಿಂದ ಆರಂಭಿಸಿ
ಪಟಾಕಿ ಸದ್ದಿನ ರೆಕಾರ್ಡಿಂಗ್ ಅನ್ನು ಮೊಬೈಲ್‌ನಲ್ಲಿ ತೀರಾ ಕಡಿಮೆ ವಾಲ್ಯೂಮ್‌ನಲ್ಲಿ ಹಾಕಿ. ನಾಯಿ ಕಿವಿ ನಿಮಿರಿಸಿ ಮತ್ತೆ ಸುಮ್ಮನಾದರೆ ಅದೇ ಸರಿಯಾದ ಮಟ್ಟ.

3. ಸದ್ದು ಮೊದಲು, ತಿನಿಸು ಆಮೇಲೆ
ಸದ್ದಾದ ಮರುಕ್ಷಣವೇ ನಾಯಿಗೆ ಅತಿ ಇಷ್ಟವಾದ ತಿನಿಸಿನ ಚಿಕ್ಕ ಚೂರು ಕೊಡಿ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ, ಮೊಟ್ಟೆ ಅಥವಾ ಪನೀರ್ ಆಗಬಹುದು. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಬೇಡ, ಅವು ನಾಯಿಗೆ ವಿಷ. ಸದ್ದಿನ ನಂತರವೇ ತಿನಿಸು ಎಂಬ ಕ್ರಮ ತಪ್ಪಬಾರದು. ತಿನಿಸು ಮೊದಲು ಬಂದರೆ, ‘ಇದರ ಹಿಂದೆಯೇ ಸದ್ದು ಬರುತ್ತದೆ’ ಎಂದು ನಾಯಿ ತಿನಿಸನ್ನೇ ಶಂಕಿಸಬಹುದು.

4. ನಿಧಾನವಾಗಿ ಏರಿಸಿ
ದಿನಕ್ಕೆ ಒಂದೆರಡು ಸಲ, ಐದು ನಿಮಿಷ ಸಾಕು. ಸದ್ದು ಕೇಳಿ ತಿನಿಸಿಗಾಗಿ ನಿಮ್ಮತ್ತ ನೋಡತೊಡಗಿದ ಮೇಲಷ್ಟೇ ವಾಲ್ಯೂಮ್ ತುಸು ಏರಿಸಿ. ತಿನ್ನಲು ಒಲ್ಲೆ ಎಂದರೆ ಸದ್ದು ಹೆಚ್ಚಾಯಿತು ಎಂದರ್ಥ. ತಕ್ಷಣ ಹಿಂದಿನ ಮಟ್ಟಕ್ಕೆ ಇಳಿಸಿ.

5. ಹಬ್ಬದ ದಿನ
ರೆಕಾರ್ಡಿಂಗ್ ಬೇಡ. ಕತ್ತಲಾಗುವ ಮೊದಲೇ ಸುತ್ತಾಡಿಸಿ ಬನ್ನಿ. ಗೇಟು, ಕಿಟಕಿ ಮುಚ್ಚಿ, ಟೀವಿ ಅಥವಾ ಫ್ಯಾನ್ ಹಾಕಿಡಿ. ಬೆದರಿ ಓಡಿಹೋದರೆ ಹುಡುಕಲು ನೆರವಾಗುವಂತೆ ಕೊರಳ ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್ ಇರಲಿ. ಮಂಚದಡಿ ಕೂತರೆ ಎಳೆಯಬೇಡಿ, ಹತ್ತಿರ ಬಂದರೆ ಮೈ ಸವರಿ. ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬ ನಂಬಿಕೆ ತಪ್ಪು.

6. ವೈದ್ಯರ ನೆರವು
ಭಯಕ್ಕೆ ಊಟ ಬಿಡುವ, ಗೋಡೆ ಹಾರುವ ನಾಯಿಗೆ ಔಷಧಿಯೂ ಬೇಕಾಗಬಹುದು. ಹಬ್ಬಕ್ಕೆ ಸಾಕಷ್ಟು ಮೊದಲೇ ಪಶುವೈದ್ಯರನ್ನು ಕಾಣಿ. ಮನುಷ್ಯರ ನಿದ್ದೆ ಮಾತ್ರೆಯನ್ನು ಎಂದೂ ಕೊಡಬೇಡಿ.

ರೆಕಾರ್ಡಿಂಗ್‌ಗೆ ಒಗ್ಗಿದ ನಾಯಿಯೂ ನಿಜವಾದ ಪಟಾಕಿಗೆ ಸ್ವಲ್ಪ ಬೆಚ್ಚಬಹುದು. ಮಂಚದಡಿಯಿಂದ ಹೊರಬಂದು ನಿಮ್ಮ ಕೈಯಿಂದ ತಿಂದರೆ ಅದೇ ಈ ವರ್ಷದ ಗೆಲುವು. ಅಭ್ಯಾಸ ನಿಲ್ಲಿಸಬೇಡಿ. ಗುಡುಗು, ತಮಟೆಯ ಭಯಕ್ಕೂ ಇದೇ ದಾರಿ.