*ಗ್ಯಾಸ್ ವಾಸನೆ: ಅಡುಗೆಮನೆಯ ಕಾವಲುಗಾರ*



ಅಡುಗೆ ಗ್ಯಾಸಿಗೆ (ಎಲ್‌ಪಿಜಿ) ತನ್ನದೇ ಆದ ವಾಸನೆ ಇಲ್ಲವೆಂದರೆ ನಂಬುತ್ತೀರಾ? ನಮಗೆ ಬರುವ ಆ ಕೆಟ್ಟ ವಾಸನೆ *ಈಥೈಲ್ ಮರ್ಕ್ಯಾಪ್ಟನ್* ಎಂಬ ಗಂಧಕದ ರಾಸಾಯನಿಕದ್ದು. ಸೋರಿಕೆ ತಿಳಿಯಲಿ ಎಂದೇ ಇದನ್ನು ಬೆರೆಸುತ್ತಾರೆ.

*ಯಾಕೆ ಬೆರೆಸಬೇಕು?*
1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಗ್ಯಾಸ್ ಸೋರಿ ತುಂಬಿಕೊಂಡಿತ್ತು. ಯಾರಿಗೂ ತಿಳಿಯಲಿಲ್ಲ. ಸ್ಫೋಟದಲ್ಲಿ ಸುಮಾರು 300 ಮಕ್ಕಳು, ಶಿಕ್ಷಕರು ತೀರಿಕೊಂಡರು. ಆಮೇಲೆ ವಾಸನೆ ಬೆರೆಸುವ ಕಾನೂನುಗಳು ಬಂದವು.

*ಇದರ ಗುಣ*
ಬಣ್ಣವಿಲ್ಲದ ದ್ರವ, 35 ಡಿಗ್ರಿಯಲ್ಲೇ ಕುದಿಯುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಕೀಟನಾಶಕ ತಯಾರಿಕೆಗೂ ಬೇಕು. ಕಾರ್ಖಾನೆಯಲ್ಲಿ ಇದನ್ನು ಬಿಗಿ ಮುಚ್ಚಿದ ಪಾತ್ರೆಯಲ್ಲಿ, ಬೆಂಕಿಯಿಂದ ದೂರ ಇಡುತ್ತಾರೆ. ಹೆಚ್ಚು ಉಸಿರಾಡಿದರೆ ತಲೆನೋವು, ವಾಕರಿಕೆ ಬರುತ್ತದೆ. ಸಿಲಿಂಡರಿನಲ್ಲಿರುವುದು ಅತಿ ಸ್ವಲ್ಪ. ಅಲ್ಲಿ ಅಪಾಯ ವಾಸನೆಯದಲ್ಲ, ಸೋರುವ ಗ್ಯಾಸಿನದು.

*ಮೂಗನ್ನೇ ಪೂರ್ತಿ ನಂಬಬೇಡಿ* ⚠️
ಸ್ವಲ್ಪ ಹೊತ್ತು ಅದೇ ವಾಸನೆಯಲ್ಲಿದ್ದರೆ ಮೂಗು ಒಗ್ಗಿಹೋಗುತ್ತದೆ. "ವಾಸನೆ ಹೋಯಿತು" ಅಂದರೆ ಗ್ಯಾಸ್ ಹೋಯಿತು ಎಂದಲ್ಲ! ನೆಗಡಿ ಇದ್ದವರಿಗೆ, ವಯಸ್ಸಾದವರಿಗೆ ವಾಸನೆ ಗೊತ್ತಾಗದೇ ಇರಬಹುದು. ಊರಿಂದ ಬಂದ ಅಜ್ಜ-ಅಜ್ಜಿ ಹಗಲು ಒಬ್ಬರೇ ಮನೆಯಲ್ಲಿದ್ದರೆ ಗ್ಯಾಸ್ ಅಲಾರಂ ಹಾಕಿಸಿ.

*ವಾಸನೆ ಬಂದರೆ*
✅ ಒಲೆ, ದೀಪ, ಊದುಬತ್ತಿ ಆರಿಸಿ
✅ ರೆಗ್ಯುಲೇಟರ್ ಬಂದ್ ಮಾಡಿ. ಪೈಪ್ ಗ್ಯಾಸ್ ಆದರೆ ವಾಲ್ವ್ ತಿರುಗಿಸಿ
✅ ಕಿಟಕಿ, ಬಾಗಿಲು ತೆರೆಯಿರಿ
❌ ಲೈಟ್, ಫ್ಯಾನ್, ಎಕ್ಸಾಸ್ಟ್ ಸ್ವಿಚ್ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರಬಹುದು
❌ ಒಳಗೆ ನಿಂತು ಫೋನ್ ಮಾಡಬೇಡಿ
✅ ಎಲ್ಲರನ್ನೂ ಹೊರಗೆ ಕರೆತಂದು *1906*ಕ್ಕೆ ಫೋನ್ ಮಾಡಿ. ಪೈಪ್ ಗ್ಯಾಸ್ ಇದ್ದವರು ಬಿಲ್ಲಿನ ಮೇಲಿರುವ ತುರ್ತು ನಂಬರಿಗೆ ಮಾಡಿ

*ನೆನಪಿರಲಿ:* ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಕಿಟಕಿಯಷ್ಟೇ ಸಾಲದು, ಬಾಗಿಲೂ ತೆರೆದಿರಬೇಕು. ಮುಂಬೈ, ಪುಣೆ, ದೆಹಲಿಯ ಎಷ್ಟೋ ಮನೆಗಳಿಗೆ ಬರುವ ಪೈಪ್ ಗ್ಯಾಸ್ ಹಗುರ, ಮೇಲೇರಿ ಸೂರಿನ ಬಳಿ ಸೇರುತ್ತದೆ. ದೆಹಲಿ ಚಳಿಯಲ್ಲೂ ಅಡುಗೆಮನೆ ಕಿಟಕಿ ಪೂರ್ತಿ ಮುಚ್ಚಬೇಡಿ.

ಸೋರಿಕೆಯ ಅನುಮಾನ ಬಂದರೆ ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ. *ಬೆಂಕಿಕಡ್ಡಿ ಗೀರಿ ಎಂದೂ ನೋಡಬೇಡಿ.*

ಇವತ್ತೇ ಮನೆಯವರಿಗೆಲ್ಲ, ಅಡುಗೆಗೆ ಬರುವವರಿಗೂ ಹೇಳಿಕೊಡಿ. ಊರಲ್ಲಿರುವ ಅಪ್ಪ-ಅಮ್ಮನಿಗೂ ಕಳಿಸಿ 🙏